ತೂತು ಸಣ್ಣದು, ಉಸಿರಿನ ಕೆಲಸ ದೊಡ್ಡದು

ಕಳೆದ ಕಬ್ಬಿನ ಸೀಜನ್‌ನಲ್ಲಿ ನಾವು ಒಬ್ಬ ಡಾಕ್ಟರ ಜತೆ ಜಗಳ ಮಾಡಿ ಬಂದೆವು. ತಪ್ಪು ನಮ್ಮದೇ ಇತ್ತು. ಅದನ್ನು ಒಪ್ಪಿಕೊಳ್ಳುವುದಕ್ಕೆ ಇಷ್ಟು ತಿಂಗಳು ಹಿಡಿದವು, ಹಾಗಾಗಿ ಈ ಬರಹವೂ ತಡವಾಯಿತು.

ಆದದ್ದು ಇಷ್ಟು. ನಮ್ಮ ಬಳಗದ ಗೆಳೆಯನೊಬ್ಬನ ಅಕ್ಕನನ್ನು ಮಸಗುಪ್ಪಿಗೆ ಕೊಟ್ಟಿದ್ದಾರೆ. ಆಕೆಯ ಮಗನಿಗೆ ನಾಲ್ಕು ವರ್ಷ. ಹುಡುಗ ಅತ್ತಾಗ, ಜೋರಾಗಿ ಕೆಮ್ಮಿದಾಗ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಮೂಡುತ್ತಿತ್ತು, ಮಲಗಿಸಿದರೆ ಇಳಿದುಹೋಗುತ್ತಿತ್ತು. ಗೋಕಾಕದಲ್ಲಿ ತೋರಿಸಿದರೆ ಹರ್ನಿಯಾ ಎಂದರು, ಬೆಳಗಾವಿಗೆ ಚೀಟಿ ಬರೆದುಕೊಟ್ಟರು. ಬೆಳಗಾವಿಯ ಆಸ್ಪತ್ರೆಯಲ್ಲಿ ಲ್ಯಾಪ್ರೋಸ್ಕೋಪಿ ಮಾಡೋಣ, ಮೂರು ಸಣ್ಣ ತೂತು, ಮರುದಿನ ಮನೆಗೆ ಹೋಗಬಹುದು ಎಂದರು. ನಮ್ಮ ಕಡೆ ಹಳಬರು ಇದನ್ನು ದುರ್ಬೀನ್ ಆಪರೇಷನ್ ಅನ್ನುತ್ತಾರೆ. ದುರ್ಬೀನ್ ಎಂದ ಕೂಡಲೇ ಮನೆಯವರಿಗೆ ಅರ್ಧ ಧೈರ್ಯ ಬಂತು. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಅಂದಮೇಲೆ ಅಂಜಿಕೆ ಯಾಕೆ?

ಆಪರೇಷನ್ ದಿನ ಬೆಳಗ್ಗೆ ಅರಿವಳಿಕೆ ಕೊಡುವ ಡಾಕ್ಟರು ಹುಡುಗನನ್ನು ನೋಡಲು ಬಂದರು. ಮೂಗು ಸೋರುತ್ತಿತ್ತು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. 'ಎಷ್ಟ ದಿನಾತು ನೆಗಡಿ?' ಅಂದರು. 'ಅದೇನ್ ನೆಗಡಿರೀ, ಸಣ್ಣ ಹುಡುಗ್ರಿಗಿ ಇರೂದ' ಅಂತ ಆಯಿ ಹೇಳಿದಳು. 'ರಾತ್ರಿಯಿಂದ ಏನರ ತಿಂದಾನೇನು?' 'ಏನಿಲ್ರಿ ಬಾಯಾರ, ಒಂದ ಹನಿ ನೀರ ಕೊಟ್ಟಿಲ್ಲ' ಎಂದು ಆಯಿ ಮತ್ತೆ ಹೇಳುವಷ್ಟರಲ್ಲಿ ಹುಡುಗನೇ ಬಾಯಿಬಿಟ್ಟ: 'ಆಯಿ ಚಾದಾಗ ಬಿಸ್ಕೀಟ ಅದ್ದಿ ಕೊಟ್ಟಾಳ.'

ಆಪರೇಷನ್ ಆಗಲಿಲ್ಲ. ಮೂರು ವಾರ ಬಿಟ್ಟು, ಕೆಮ್ಮು ನೆಗಡಿ ಪೂರ್ತಿ ಹೋದ ಮೇಲೆ ಬನ್ನಿ ಎಂದರು.

ಕಬ್ಬು ಕಡಿಯುವ ಗ್ಯಾಂಗ್ ಅದೇ ವಾರ ಹೊಲಕ್ಕೆ ಬರುವುದಿತ್ತು. ಹುಡುಗನ ಅಪ್ಪ ಅದನ್ನು ಅಣ್ಣನಿಗೆ ಒಪ್ಪಿಸಿ, ಬಾಡಿಗೆ ಗಾಡಿ ಮಾಡಿಕೊಂಡು ನಸುಕಿನಲ್ಲಿ ಎದ್ದು ಬಂದಿದ್ದ. ಅವನಿಗೆ ಸಿಟ್ಟು ಬಂದದ್ದು ಸಹಜ. ನಾವು ಮಾಡಿದ್ದು ಸಹಜವಲ್ಲ. ಫೋನ್ ಬಂದ ಕೂಡಲೇ ಮೂವರು ಆಸ್ಪತ್ರೆಗೆ ಹೋದೆವು. ಪತ್ರಿಕೋದ್ಯಮ ಓದಿದವರು ಎಂಬ ಗತ್ತು ಬೇರೆ. ಹಳ್ಳಿಯವರೆಂದರೆ ನಿಮಗೆ ಇಷ್ಟು ಸದರವೇ, ನೆಗಡಿಗೂ ಹರ್ನಿಯಾಕ್ಕೂ ಏನು ಸಂಬಂಧ, ಎಂದು ಕಾರಿಡಾರಿನಲ್ಲಿ ದನಿ ಎತ್ತಿದೆವು. ನಮ್ಮಲ್ಲೊಬ್ಬ ಆಗಲೇ ಮೊಬೈಲಿನಲ್ಲಿ ತಲೆಬರಹ ಬರೆದಿದ್ದ: 'ನೆಗಡಿ ನೆಪ: ಶಸ್ತ್ರಚಿಕಿತ್ಸೆ ಮುಂದೂಡಿಕೆ, ರೈತ ಕುಟುಂಬದ ಪರದಾಟ'.

ಆ ಡಾಕ್ಟರಮ್ಮ ನಮ್ಮ ಮೇಲೆ ರೇಗಲಿಲ್ಲ. 'ಪೇಪರ್‌ನವರಲ್ಲರೀ? ಕುಂದರ್ರಿ, ಬರ್ಕೋರಿ' ಎಂದು ಕೇಸ್ ಪೇಪರಿನ ಹಿಂಬದಿಯಲ್ಲಿ ಒಂದು ಚಿತ್ರ ಬರೆದರು. ಗಂಟಲು, ಅದರ ಕೆಳಗೆ ಕೊಳವೆ, ಅದು ಕವಲೊಡೆದು ಎರಡು ಪುಪ್ಪುಸ. ಇಪ್ಪತ್ತು ನಿಮಿಷ ಮಾತಾಡಿದರು. ಆ ಮೇಲೆ ನಾವು ಒಂದಿಷ್ಟು ಓದಿದೆವು, ಇಬ್ಬರು ಮೂವರು ಡಾಕ್ಟರರನ್ನು ಕಂಡು ಕೇಳಿದೆವು. ಆ ತಲೆಬರಹ ಅಳಿಸಿದ್ದು ಆ ಮೇಲೆ.

ಮಗುವಿನ ಉಸಿರಿನ ದಾರಿ ದೊಡ್ಡವರದರ ಸಣ್ಣ ಪ್ರತಿ ಅಲ್ಲ. ನಾಲಿಗೆ ಬಾಯಿಗೆ ಹೋಲಿಸಿದರೆ ದೊಡ್ಡದು, ಎಚ್ಚರ ತಪ್ಪಿದ ಕೂಡಲೇ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ತಲೆಯ ಹಿಂಭಾಗ ದಪ್ಪವಿರುವುದರಿಂದ ಅಂಗಾತ ಮಲಗಿಸಿದರೆ ಗದ್ದ ಎದೆಯ ಕಡೆ ಬಾಗಿ ದಾರಿ ಮಡಿಚಿಕೊಳ್ಳುತ್ತದೆ. ಧ್ವನಿಪೆಟ್ಟಿಗೆ ಕುತ್ತಿಗೆಯಲ್ಲಿ ಮೇಲ್ಗಡೆ ಇರುತ್ತದೆ. ನವಜಾತ ಶಿಶುವಿನ ಶ್ವಾಸನಾಳದ ಉದ್ದ 4ರಿಂದ 5 ಸೆಂಟಿಮೀಟರ್, ಅಂದರೆ ನಮ್ಮ ಕಿರುಬೆರಳಿನಷ್ಟೂ ಇಲ್ಲ. ಎಳೆ ಮಗುವಿನ ಶ್ವಾಸನಾಳದ ಒಳ ಅಳತೆ 4 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಸುತ್ತಲೂ ಒಂದೇ ಒಂದು ಮಿಲಿಮೀಟರ್ ಬಾತರೆ ಉಳಿಯುವುದು 2. ಗಾಳಿ ಹೋಗುವ ಜಾಗದಲ್ಲಿ ಮುಕ್ಕಾಲು ಪಾಲು ಹೋಯಿತು. ಗಾಳಿ ಎಳೆಯುವ ಕಷ್ಟ ಹದಿನಾರು ಪಟ್ಟು ಏರಿತು. ದೊಡ್ಡವರ ನಾಳ ಅಷ್ಟೇ ಬಾತರೆ ಆ ಕಷ್ಟ ಮೂರು ಪಟ್ಟು, ಅಷ್ಟೇ.

ಇನ್ನೊಂದು ಲೆಕ್ಕ ನಮ್ಮನ್ನು ಹೆಚ್ಚು ಅಂಜಿಸಿತು. ಮಗುವಿನ ಮೈ ತನ್ನ ತೂಕಕ್ಕೆ ದೊಡ್ಡವರಿಗಿಂತ ಸುಮಾರು ಎರಡು ಪಟ್ಟು ಆಮ್ಲಜನಕ ಸುಡುತ್ತದೆ. ಆದರೆ ಪುಪ್ಪುಸದಲ್ಲಿ ಅದು ಇಟ್ಟುಕೊಳ್ಳುವ ಗಂಟು ಸಣ್ಣದು. ಚೆನ್ನಾಗಿ ಆಮ್ಲಜನಕ ಕೊಟ್ಟು ಆ ಮೇಲೆ ಉಸಿರು ನಿಂತರೆ, ರಕ್ತದ ಆಮ್ಲಜನಕ ನೂರಕ್ಕೆ 90ಕ್ಕೆ ಇಳಿಯಲು ಹದಿಹರೆಯದವರಿಗೆ ಆರು ನಿಮಿಷದಷ್ಟು ಹಿಡಿಯುತ್ತದೆ. ಎರಡರಿಂದ ಐದು ವರ್ಷದ ಮಕ್ಕಳಿಗೆ ಎರಡೂವರೆ ನಿಮಿಷ ಚಿಲ್ಲರೆ. ಆರು ತಿಂಗಳೊಳಗಿನ ಕೂಸಿಗೆ ಒಂದೂವರೆ ನಿಮಿಷ. ಕೋವಿಡ್ ಕಾಲದಲ್ಲಿ ಊರೂರಲ್ಲಿ ಬೆರಳಿಗೆ ಸಿಕ್ಕಿಸಿಕೊಂಡು ನೋಡಿದ ಪಲ್ಸ್ ಆಕ್ಸಿಮೀಟರ್ ನೆನಪಿರಬೇಕಲ್ಲ, 90 ಅಂದರೆ ಆಗ ಮನೆಮಂದಿ ಆಂಬ್ಯುಲೆನ್ಸ್‌ಗೆ ಫೋನ್ ಹಚ್ಚುತ್ತಿದ್ದ ಸಂಖ್ಯೆ.

ನೆಗಡಿ ಇಲ್ಲಿ ಬರುತ್ತದೆ. ನೆಗಡಿ ಹಿಡಿದ ಗಂಟಲು ಒಳಗೆ ಕೆಂಪಾಗಿ ಕೆರಳಿರುತ್ತದೆ. ಅದಕ್ಕೆ ಏನಾದರೂ ತಾಕಿದರೆ, ಒಂದು ಹನಿ ಜೊಲ್ಲು ಬಿದ್ದರೂ ಸಾಕು, ಧ್ವನಿತಂತುಗಳು ಎರಡೂ ಕಡೆಯಿಂದ ಬಂದು ಗಪ್ಪನೆ ಮುಚ್ಚಿಕೊಳ್ಳಬಹುದು. ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದಂತೆ. ಎದೆ ಏಳುತ್ತದೆ, ಗಾಳಿ ಹೋಗುವುದಿಲ್ಲ. ಪುಪ್ಪುಸದ ಸಣ್ಣ ನಾಳಗಳೂ ಹಾಗೇ ಬಿಗಿದುಕೊಳ್ಳಬಹುದು. ಹಿಂದಿನ ಎರಡು ವಾರದಲ್ಲಿ ನೆಗಡಿ ಆದ ಮಕ್ಕಳಲ್ಲಿ ಈ ತೊಂದರೆಗಳು ಹೆಚ್ಚು ಎಂಬುದನ್ನು ಒಂಬತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ, 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಅಪೆಂಡಿಕ್ಸ್ ಒಡೆಯುವಂತಿದ್ದರೆ ನೆಗಡಿ ಇದ್ದರೂ ಮಾಡಲೇಬೇಕು, ಅಲ್ಲಿ ತಡವೇ ದೊಡ್ಡ ಅಪಾಯ. ಇಳಿದುಹೋಗುವ ಹರ್ನಿಯಾ ಮೂರು ವಾರ ಕಾಯಬಲ್ಲದು. ಅದು ಒಂದು ವೇಳೆ ಹೊರಗೆ ಸಿಕ್ಕಿಕೊಂಡು ಗಟ್ಟಿಯಾಗಿ, ಹುಡುಗ ವಾಂತಿ ಮಾಡಿದರೆ ಮಾತ್ರ ಅರ್ಧ ರಾತ್ರಿಯಾದರೂ ಓಡಿಬನ್ನಿ ಎಂದು ಆ ಡಾಕ್ಟರಮ್ಮ ಎರಡು ಸಲ ಹೇಳಿದ್ದರು. ಜಗಳದ ಗದ್ದಲದಲ್ಲಿ ಅದು ನಮ್ಮ ಕಿವಿಗೆ ಬಿದ್ದಿರಲಿಲ್ಲ.

ಇನ್ನು ದುರ್ಬೀನಿನ ವಿಷಯ.

ತೂತಿನ ಆಪರೇಷನ್‌ನಲ್ಲಿ ಡಾಕ್ಟರಿಗೆ ಒಳಗೆ ಕಾಣಬೇಕಾದರೆ ಹೊಟ್ಟೆ ಉಬ್ಬಬೇಕು. ಅದಕ್ಕೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬುತ್ತಾರೆ. ಅದೇ ಯಾಕೆ ಎಂದರೆ ಅದು ಬೆಂಕಿ ಹತ್ತಿಸುವುದಿಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಪಾದರಸದ 12ರಿಂದ 15 ಮಿಲಿಮೀಟರ್ ಒತ್ತಡ, ಮಕ್ಕಳಿಗೆ ವಯಸ್ಸು ನೋಡಿ 6ರಿಂದ 12. ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ಹೊಡೆದಾಗ ಅದು ಎಲ್ಲ ಕಡೆಗೂ ಉಬ್ಬುವ ಹಾಗೆ, ಹೊಟ್ಟೆಯ ಅನಿಲ ಮೇಲಕ್ಕೂ ಒತ್ತುತ್ತದೆ. ಹೊಟ್ಟೆಗೂ ಎದೆಗೂ ನಡುವಿನ ವಪೆ ಮೇಲೇರುತ್ತದೆ, ಪುಪ್ಪುಸಗಳು ಕುಗ್ಗುತ್ತವೆ. ಹರ್ನಿಯಾಕ್ಕಾದರೆ ಕರುಳು ಪಕ್ಕಕ್ಕೆ ಸರಿಯಲೆಂದು ತಲೆಯ ಕಡೆ ಮೇಜನ್ನು ಇಳಿಸುತ್ತಾರೆ, ಆಗ ಇನ್ನಷ್ಟು ಕುಗ್ಗುತ್ತವೆ. ಮೊದಲೇ ಸಣ್ಣದಿದ್ದ ಆಮ್ಲಜನಕದ ಗಂಟು ಮತ್ತೂ ಸಣ್ಣದಾಯಿತು. ತುಂಬಿದ ಅನಿಲ ರಕ್ತಕ್ಕೆ ಸೇರುತ್ತಿರುವುದರಿಂದ ಅದನ್ನು ಹೊರಹಾಕಲು ಹೆಚ್ಚು ಉಸಿರಾಡಿಸಬೇಕು, ಕುಗ್ಗಿದ ಪುಪ್ಪುಸ ಅದಕ್ಕೆ ಒಪ್ಪುವುದಿಲ್ಲ. ಜಠರದ ಮೇಲೂ ಒತ್ತಡ ಬೀಳುತ್ತದೆ, ಅಲ್ಲಿದ್ದುದು ಗಂಟಲಿಗೆ ಬರಬಹುದು. ಆಯಿಯ ಚಾ ಬಿಸ್ಕೀಟು ಪುಪ್ಪುಸಕ್ಕೆ ಇಳಿಯುವ ದಾರಿ ಇದು.

ಹೊರಗೆ ಕಾಣುವ ಗಾಯ ಕಿರಿದಾದಷ್ಟೂ ಒಳಗೆ ಉಸಿರಿನ ಕೆಲಸ ಹಿರಿದಾಗುತ್ತದೆ. ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಗೋಕಾಕದಿಂದ ಬೆಳಗಾವಿಯವರೆಗೆ ಗೋಡೆ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ, 'ಹೊಲಿಗೆ ಇಲ್ಲ, ನೋವಿಲ್ಲ, ಒಂದೇ ದಿನದಲ್ಲಿ ಮನೆಗೆ' ಎಂಬ ಬೋರ್ಡುಗಳನ್ನು ಓದುತ್ತೇವೆ. ಮದ್ದಿನ ಮಂಪರಿನಲ್ಲಿ ಮಗುವಿನ ಉಸಿರು ಯಾರ ಕೈಯಲ್ಲಿರುತ್ತದೆ ಎಂದು ಬರೆದ ಬೋರ್ಡು ಒಂದೂ ಇಲ್ಲ. ಲ್ಯಾಪ್ರೋಸ್ಕೋಪಿ ಬೇಡ ಎನ್ನುವುದು ನಮ್ಮ ಮಾತಲ್ಲ. ಕೆಲವು ಆಪರೇಷನ್‌ಗಳಿಗೆ ಅದೇ ಉತ್ತಮ, ಹರ್ನಿಯಾದಲ್ಲಿ ಇನ್ನೊಂದು ಬದಿಯನ್ನೂ ಅದೇ ಕೈಗೆ ನೋಡಬಹುದು. ಆದರೆ ಮಕ್ಕಳ ಸಾದಾ ಹರ್ನಿಯಾವನ್ನು ಸಣ್ಣದೊಂದು ಗಾಯ ಮಾಡಿ ಬೇಗ ಮುಗಿಸುವ ಹಳೆಯ ವಿಧಾನವೂ ಇದೆ, ಇವತ್ತಿಗೂ ಪಳಗಿದ ಸರ್ಜನ್‌ಗಳು ಮಾಡುತ್ತಾರೆ. ಅದನ್ನು ಕೇಳಿದರೆ ಹಿಂದುಳಿದವರಾಗುತ್ತೇವೆ ಎಂಬ ನಾಚಿಕೆ ನಮಗೆ ಬೇಕಿಲ್ಲ. ದುರ್ಬೀನ್ ಈಗ ನಮ್ಮ ಊರುಗಳಲ್ಲಿ ಮದುವೆಯ ಡಿಜೆ ಇದ್ದಂತೆ ಆಗಿದೆ. ಪಕ್ಕದ ಮನೆಯವರು ಮಾಡಿಸಿದರೆ ನಮಗೂ ಬೇಕು.

ಹಾಗಾದರೆ ಉಸಿರನ್ನು ಹೇಗೆ ಕಾಯುತ್ತಾರೆ? ಬಹುಕಾಲದ ರೂಢಿ ಎಂದರೆ ಬಾಯಿಂದ ಧ್ವನಿತಂತುಗಳ ನಡುವೆ ಹಾಯಿಸಿ ಶ್ವಾಸನಾಳದೊಳಗೆ ಟ್ಯೂಬ್ ಇಡುವುದು. ಅಳತೆಗೆ ಒಂದು ಸರಳ ಲೆಕ್ಕವಿದೆ: ವಯಸ್ಸನ್ನು ನಾಲ್ಕರಿಂದ ಭಾಗಿಸಿ ನಾಲ್ಕು ಕೂಡಿಸಿದರೆ ಸಾದಾ ಟ್ಯೂಬಿನ ಒಳ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. ನಮ್ಮ ಮಸಗುಪ್ಪಿ ಹುಡುಗನಿಗೆ 5. ತುದಿಯಲ್ಲಿ ಸಣ್ಣ ಬಲೂನು ಇರುವ ಟ್ಯೂಬಾದರೆ ಅರ್ಧ ಮಿಲಿಮೀಟರ್ ಕಡಿಮೆ, 4.5. ಆ ಬಲೂನಿಗೆ ಅವರು ಕಫ್ ಅನ್ನುತ್ತಾರೆ. ನಮ್ಮಲ್ಲೊಬ್ಬ ಅದನ್ನು ಕಫ ಎಂದೇ ಬರೆದುಕೊಂಡು, ಮನೆಗೆ ಬಂದು ಕಫ ಊದುವುದು ಹೇಗೆ ಎಂದು ತಲೆ ಕೆರೆದುಕೊಂಡಿದ್ದ.

ಈ ಬಲೂನಿನ ಹಿಂದೆ ದೊಡ್ಡ ವಾದವೇ ನಡೆದಿದೆ. ಮಕ್ಕಳ ಶ್ವಾಸನಾಳ ನಾಜೂಕು, ಬಲೂನು ಒತ್ತಿದರೆ ಒಳಗೆ ಬಾವು ಬರುತ್ತದೆ, ಆದ್ದರಿಂದ ಎಂಟು ವರ್ಷದೊಳಗೆ ಬಲೂನು ಬೇಡ ಎಂದು ದಶಕಗಳ ಕಾಲ ಕಲಿಸಿದರು. 2009ರಲ್ಲಿ ಯುರೋಪಿನ ಹಲವು ಆಸ್ಪತ್ರೆಗಳ ಅಧ್ಯಯನ ಬಂತು. ಐದು ವರ್ಷದೊಳಗಿನ 2246 ಮಕ್ಕಳು. ಟ್ಯೂಬ್ ತೆಗೆದ ಮೇಲೆ ಗೊರ್‌ ಗೊರ್ ಎಂದು ಉಸಿರು ಕಟ್ಟುವ ಸದ್ದು ಬಲೂನು ಇದ್ದವರಲ್ಲಿ ನೂರಕ್ಕೆ 4.4, ಇಲ್ಲದವರಲ್ಲಿ 4.7. ವ್ಯತ್ಯಾಸವೇ ಇಲ್ಲ. ಆದರೆ ಅಳತೆ ಹೊಂದದೆ ಟ್ಯೂಬ್ ಬದಲಿಸಬೇಕಾಗಿ ಬಂದದ್ದು ಬಲೂನಿನದರಲ್ಲಿ ನೂರಕ್ಕೆ 2.1, ಸಾದಾ ಟ್ಯೂಬಿನಲ್ಲಿ 30.8. ಪ್ರತಿ ಬದಲಾವಣೆಯೂ ಆ ಎಳೆ ಗಂಟಲಿಗೆ ಇನ್ನೊಂದು ಗೀರು. ಹೊಟ್ಟೆಗೆ ಅನಿಲ ತುಂಬಿ ಎದೆ ಬಿಗಿಯಾದಾಗ ಬಲೂನಿಲ್ಲದ ಟ್ಯೂಬಿನ ಪಕ್ಕದಿಂದ ಗಾಳಿ ಸೋರುತ್ತದೆ, ಹಾಗಾಗಿ ಲ್ಯಾಪ್ರೋಸ್ಕೋಪಿಯಲ್ಲಿ ಬಲೂನಿನ ಬೆಲೆ ಮತ್ತೂ ಹೆಚ್ಚು. ಅದರ ಒತ್ತಡವನ್ನು ಅಳೆದು, 20 ಸೆಂಟಿಮೀಟರ್ ನೀರಿನ ಒತ್ತಡಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಬೇಕು. ಬೆರಳಿನಿಂದ ಅಮುಕಿ 'ಸಾಕು' ಅನ್ನುವುದು ಅಳತೆಯಲ್ಲ.

ಟ್ಯೂಬಿನ ಇನ್ನೊಂದು ಕಾಟ ಎಂದರೆ ಅದು ಜರುಗುತ್ತದೆ. ಅಂದರೆ, ಟ್ಯೂಬ್ ಹಲ್ಲಿನ ಬಳಿ ಅಂಟಿಸಿದಲ್ಲೇ ಇರುತ್ತದೆ, ವಪೆ ಮೇಲೇರಿದಾಗ ಶ್ವಾಸನಾಳವೇ ಟ್ಯೂಬಿನ ಕಡೆ ಬರುತ್ತದೆ. ಆಗ ತುದಿ ಕವಲು ದಾಟಿ ಬಲಗಡೆಯ ನಾಳಕ್ಕೆ ಇಳಿದು, ಎಡ ಪುಪ್ಪುಸಕ್ಕೆ ಗಾಳಿ ನಿಲ್ಲಬಹುದು. ಐದು ಸೆಂಟಿಮೀಟರ್ ದಾರಿಯಲ್ಲಿ ಒಂದು ಸೆಂಟಿಮೀಟರ್ ಆಚೀಚೆ ಆಗುವುದೆಂದರೆ ಎಷ್ಟು ದೊಡ್ಡದು ನೋಡಿ. ಅದಕ್ಕೇ ಅನಿಲ ತುಂಬಿದ ಮೇಲೆ, ಮೇಜು ಓಲಿಸಿದ ಮೇಲೆ, ಎರಡೂ ಎದೆಗೆ ಮತ್ತೆ ಸ್ಟೆತಾಸ್ಕೋಪ್ ಇಟ್ಟು ಕೇಳಬೇಕು.

ಈಗ ಎರಡನೆಯ ದಾರಿಯೂ ಇದೆ. 1981ರಲ್ಲಿ ಲಂಡನ್ನಿನಲ್ಲಿ ಆರ್ಚಿ ಬ್ರೇನ್ ಎಂಬ ಅರಿವಳಿಕೆ ತಜ್ಞ ಲ್ಯಾರಿಂಜಿಯಲ್ ಮಾಸ್ಕ್ ರೂಪಿಸಿದ. ಧ್ವನಿತಂತುಗಳೊಳಗೆ ನುಗ್ಗದೆ, ಧ್ವನಿಪೆಟ್ಟಿಗೆಯ ಬಾಯಿಗೆ ಬಟ್ಟಲು ಕವುಚಿದಂತೆ ಮೇಲೆ ಕೂರುವ ಸಾಧನ. 2000ದಲ್ಲಿ ಬಂದ ಪ್ರೊಸೀಲ್, 2007ರಲ್ಲಿ ಬಂದ ಐ-ಜೆಲ್ ಇವಕ್ಕೆ ಜಠರದಲ್ಲಿದ್ದುದನ್ನು ಹೊರಗೆ ಎಳೆಯಲು ಬೇರೆಯೇ ಕಿಂಡಿ ಇದೆ. ಐ-ಜೆಲ್ ಅನ್ನು ತೂಕ ನೋಡಿ ಆರಿಸುತ್ತಾರೆ, 10ರಿಂದ 25 ಕೆಜಿ ಮಗುವಿಗೆ 2ನೇ ನಂಬರು. ಗಂಟಲಿಗೆ ಇದು ಹಗುರ. 2017ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ಅಧ್ಯಯನದಲ್ಲಿ, ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗೆ ಬಂದ 181 ಕೂಸುಗಳ ಪೈಕಿ ಟ್ಯೂಬ್ ಹಾಕಿಸಿಕೊಂಡ ನೂರಕ್ಕೆ 53 ಕೂಸುಗಳಿಗೆ ಉಸಿರಿನ ತೊಂದರೆ ಕಂಡರೆ ಮಾಸ್ಕ್ ಹಾಕಿದವರಲ್ಲಿ ಅದು 18 ಮಾತ್ರ. ಹೊಟ್ಟೆಗೆ ಅನಿಲ ತುಂಬುವ ಆಪರೇಷನ್‌ಗೆ ಆ ಲೆಕ್ಕವನ್ನು ಹಾಗೇ ಎತ್ತಿ ಹಚ್ಚುವಂತಿಲ್ಲ. ಮಕ್ಕಳ ಲ್ಯಾಪ್ರೋಸ್ಕೋಪಿಯಲ್ಲೂ ಪ್ರೊಸೀಲ್ ಸಾಕಾಗುತ್ತದೆ ಎಂದು ದೆಹಲಿಯ ವೈದ್ಯರು 2007ರಲ್ಲೇ ಬರೆದಿದ್ದಾರೆ. ಆದರೆ ಅಲ್ಲಿದ್ದವರು ಆರೋಗ್ಯವಂತ ಮಕ್ಕಳು, ಹಸಿದ ಹೊಟ್ಟೆ, ಪಳಗಿದ ಕೈ.

ನಮ್ಮ ಅಭಿಪ್ರಾಯ ಕೇಳಿದರೆ ಹೀಗೆ: ಟ್ಯೂಬೋ ಮಾಸ್ಕೋ ಎಂದು ಆರಿಸುವುದು ಡಾಕ್ಟರ ಕೆಲಸ, ನಾವು ಅದರಲ್ಲಿ ಮೂಗು ತೂರಿಸಬಾರದು. ಆದರೆ ಮಾಸ್ಕ್ ಆರಿಸಲು ಕಾರಣ 'ಬೇಗ ಮುಗಿಯುತ್ತದೆ, ಇನ್ನೊಂದು ಕೇಸ್ ಕಾಯುತ್ತಿದೆ' ಎಂಬುದಾಗಬಾರದು. ಹೊಟ್ಟೆ ಖಾಲಿ ಇದೆಯೋ ಇಲ್ಲವೋ ಎಂದು ಮನೆಯವರೇ ಸುಳ್ಳು ಹೇಳುವ ನಮ್ಮ ಸೀಮೆಯಲ್ಲಿ, ಬಲೂನಿನ ಟ್ಯೂಬೇ ಹೆಚ್ಚು ಭರವಸೆಯದು ಎಂದು ನಮಗೆ ಅನ್ನಿಸುತ್ತದೆ. ಮತ್ತೆ ಯಾವುದನ್ನೇ ಹಾಕಲಿ, ಕ್ಯಾಪ್ನೋಗ್ರಾಫ್ ಇರಲೇಬೇಕು. ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಪ್ರತಿ ಉಸಿರಿಗೂ ಪರದೆ ಮೇಲೆ ಗೀಟಾಗಿ ತೋರಿಸುವ ಯಂತ್ರ ಅದು. ಟ್ಯೂಬ್ ಅನ್ನನಾಳಕ್ಕೆ ಹೋದರೆ ಕೆಲವೇ ಉಸಿರಿನಲ್ಲಿ ಗೊತ್ತಾಗುತ್ತದೆ. ಬೆರಳಿನ ಆಕ್ಸಿಮೀಟರ್ ಅದನ್ನು ಹೇಳುವಷ್ಟರಲ್ಲಿ ಮಗುವಿನ ಆ ಎರಡೂವರೆ ನಿಮಿಷ ಕರಗಿರುತ್ತದೆ.

ಉಸಿರು ನೋಡಿ ಎಂಬ ಮಾತು ಹೊಸದೇನಲ್ಲ. ಬೀದರ, ಕಲಬುರಗಿ, ರಾಯಚೂರುಗಳು ನಿಜಾಮನ ಆಳ್ವಿಕೆಯಲ್ಲಿದ್ದಾಗ ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಎಂಬ ಡಾಕ್ಟರು ಕ್ಲೋರೋಫಾರ್ಮ್ ಬಗ್ಗೆ 1888 ಮತ್ತು 1889ರಲ್ಲಿ ಎರಡು ಆಯೋಗ ನಡೆಸಿದರು, ಖರ್ಚು ನಿಜಾಮರದು. ಕ್ಲೋರೋಫಾರ್ಮ್ ಕೊಡುವಾಗ ನಾಡಿ ಹಿಡಿದು ಕೂರಬೇಡಿ, ಉಸಿರು ನೋಡಿ ಎಂಬುದು ಅವರ ಹಟ. ಆ ಮದ್ದು ಹೃದಯವನ್ನೂ ನಿಲ್ಲಿಸಬಲ್ಲದು ಎಂದು ಆ ಮೇಲೆ ರುಜುವಾಯಿತು, ಲಾರಿಯ ವಾದ ಅರ್ಧ ಬಿದ್ದುಹೋಯಿತು. ಉಳಿದ ಅರ್ಧ ಮಕ್ಕಳ ಮಟ್ಟಿಗೆ ಇವತ್ತಿಗೂ ಗಟ್ಟಿ. ಯುರೋಪಿನ 33 ದೇಶಗಳ 261 ಆಸ್ಪತ್ರೆಗಳಲ್ಲಿ 30 ಸಾವಿರಕ್ಕೂ ಹೆಚ್ಚು ಮಕ್ಕಳ ಅರಿವಳಿಕೆಯನ್ನು ಗಮನಿಸಿ 2017ರಲ್ಲಿ ವರದಿಯೊಂದು ಬಂತು. ನೂರಕ್ಕೆ 5.2ರಲ್ಲಿ ಗಂಭೀರ ತೊಂದರೆ, ಅದರಲ್ಲಿ ದೊಡ್ಡ ಪಾಲು, 3.1, ಉಸಿರಿನದು. ಮಕ್ಕಳ ಅರಿವಳಿಕೆಯಲ್ಲಿ ಹೆಚ್ಚು ವರ್ಷ ಪಳಗಿದವರು ಇದ್ದಲ್ಲಿ ತೊಂದರೆ ಕಡಿಮೆ ಎಂದೂ ಆ ವರದಿ ಹೇಳಿತು. ಅಲ್ಲಿಯೇ ಹಾಗೆ.

ನಮ್ಮಲ್ಲಿ ಆ ಪಳಗಿದ ಕೈ ಎಲ್ಲಿದೆ? ನಮ್ಮ ಅಜ್ಜಂದಿರ ಕಾಲದಲ್ಲಿ ದೊಡ್ಡ ಆಪರೇಷನ್ ಎಂದರೆ ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮಿರಜಕ್ಕೆ ಹೋಗುತ್ತಿದ್ದರು, 1894ರಲ್ಲಿ ಶುರುವಾದ ವಾನ್ಲೆಸ್ ಆಸ್ಪತ್ರೆಗೆ. ಈಗ ಬೆಳಗಾವಿಯಲ್ಲೇ ವೈದ್ಯಕೀಯ ಕಾಲೇಜುಗಳಿವೆ. ಆದರೆ ನಡುವೆ ಏನಿದೆ? ಕೇಂದ್ರ ಸರ್ಕಾರದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದಷ್ಟು ಸರ್ಜನ್‌ಗಳಲ್ಲಿ ನೂರಕ್ಕೆ 83.2, ಮಕ್ಕಳ ತಜ್ಞರಲ್ಲಿ 81.6 ಕೊರತೆ. ಸರ್ಜನ್, ಹೆರಿಗೆ ತಜ್ಞರು, ಫಿಜಿಷಿಯನ್, ಮಕ್ಕಳ ತಜ್ಞರು ಎಂದು ನಾಲ್ವರನ್ನು ಹಿಡಿದು ಈ ಕೊರತೆಯನ್ನು ಹೇಳುತ್ತಾರೆ. ಉಸಿರು ಕಾಯುವವರ ಹೆಸರು ಆ ನಾಲ್ಕರಲ್ಲಿ ಇಲ್ಲ. ಸಣ್ಣ ಊರಿನ ಖಾಸಗಿ ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞರು ಕಾಯಂ ಇರುವುದು ಅಪರೂಪ. ಕರೆದಾಗ ಬ್ಯಾಗು ಹಿಡಿದು ಬರುತ್ತಾರೆ, ಮುಗಿಸಿ ಇನ್ನೊಂದು ಊರಿಗೆ ಹೊರಡುತ್ತಾರೆ. ಅವರ ಹೆಸರು ಬೋರ್ಡಿನ ಮೇಲೆ ಇರುವುದಿಲ್ಲ, ಮನೆಯವರಿಗೆ ಅವರ ಮುಖವೂ ಗೊತ್ತಿರುವುದಿಲ್ಲ.

ಅದಕ್ಕೇ ನಮ್ಮ ಮೊದಲ ಒತ್ತಾಯ, ಆಪರೇಷನ್‌ಗೆ ಮೊದಲು ಅರಿವಳಿಕೆ ತಜ್ಞರು ಮನೆಯವರ ಎದುರು ಕೂತು ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಬೇಕು. ಒಪ್ಪಿಗೆ ಪತ್ರ ಎಂದು ಇಂಗ್ಲಿಷಿನ ನಾಲ್ಕು ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು, 2017ರ ತಿದ್ದುಪಡಿಯಲ್ಲಿ ರೋಗಿಗಳ ಸನ್ನದು ಸೇರಿದೆ, ಜಿಲ್ಲಾಧಿಕಾರಿ ಮುಂದೆ ದೂರು ಕೊಡುವ ದಾರಿಯೂ ಇದೆ. ಆದರೆ ಆ ಸನ್ನದನ್ನು ಗೋಡೆಗೆ ಅಂಟಿಸಿದ ಕಡೆಯೂ, ಮಗುವಿಗೆ ಮಂಪರು ಬರಿಸಿದ ಮೇಲೆ ಅದು ಪೂರ್ತಿ ಎಚ್ಚರಾಗುವವರೆಗೆ ಆ ತಜ್ಞರು ಪಕ್ಕದಲ್ಲೇ ಇರುತ್ತಾರೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು. ಇಂಗಾಲದ ಡೈಆಕ್ಸೈಡ್ ತೋರಿಸುವ ಯಂತ್ರ ಇದೆಯೇ ಎಂದೂ ಕೇಳಬೇಕು. ಸಣ್ಣ ಮಕ್ಕಳಿಗೆ ಎಷ್ಟು ಸಲ ಮಾಡಿದ್ದೀರಿ ಎಂದು ಕೇಳಿದರೆ ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ, ನಾವು ಮಾತಾಡಿಸಿದವರಲ್ಲಿ ಯಾರೂ ಮಾಡಿಕೊಳ್ಳಲಿಲ್ಲ.

ಕೇಳುವವರು ನಿಜವನ್ನೂ ಹೇಳಬೇಕು. ನಮ್ಮ ಮನೆಗಳಲ್ಲಿ ಮಗುವಿನ ಕಾಯಿಲೆ ಮುಚ್ಚಿಡುವುದು ಒಂದು ಚಟ. ಡಾಕ್ಟರು ಬೈದಾರು, ಆಪರೇಷನ್ ನಿಂತೀತು ಎಂಬ ಅಂಜಿಕೆ. ಮಗು ರಾತ್ರಿ ಗೊರಕೆ ಹೊಡೆಯುತ್ತದೆಯೇ, ಉಬ್ಬಸ ಇದೆಯೇ, ಮನೆಯಲ್ಲಿ ಬೀಡಿ ಸೇದುವವರಿದ್ದಾರೆಯೇ, ಹೆರಿಗೆ ತಿಂಗಳು ತುಂಬುವ ಮೊದಲೇ ಆಗಿತ್ತೇ, ಇವೆಲ್ಲ ಉಸಿರಿಗೆ ಸಂಬಂಧಿಸಿದ ಪ್ರಶ್ನೆಗಳು. ಹಾಲುಹಲ್ಲು ಅಲುಗಾಡುತ್ತಿದ್ದರೆ ಅದನ್ನೂ ಹೇಳಬೇಕು. ಟ್ಯೂಬ್ ಹಾಕುವಾಗ ಕಳಚಿ ಒಳಗೆ ಹೋದರೆ ಹುಡುಕುವುದು ಕಷ್ಟ.

ಉಪವಾಸದ ವಿಷಯದಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಒಂದು, ಆಯಿಯದು. ಇನ್ನೊಂದು ಆಸ್ಪತ್ರೆಯದು: 'ರಾತ್ರಿ ಹತ್ತರ ಮೇಲೆ ಏನೂ ಬೇಡ' ಎಂದು ಒಂದೇ ಮಾತು ಹೇಳಿ, ಮಗುವಿನ ಪಾಳಿ ಮಧ್ಯಾಹ್ನ ಎರಡಕ್ಕೆ ಬರುವುದು. ಹದಿನಾರು ತಾಸು ಹಸಿದ ಮಗುವಿಗೆ ಯಾವ ಆಯಿ ತಾನೇ ಕದ್ದು ಬಿಸ್ಕೀಟು ಕೊಡದಿದ್ದಾಳು? ನಿಯಮ ಅಷ್ಟು ಕ್ರೂರವಾಗಿಲ್ಲ. ತಿಳಿನೀರು ಎರಡು ತಾಸು ಮೊದಲಿನವರೆಗೆ, ತಾಯಿ ಹಾಲು ನಾಲ್ಕು ತಾಸು, ಆಕಳ ಎಮ್ಮೆ ಹಾಲು ಮತ್ತು ಹಗುರ ತಿಂಡಿ ಆರು ತಾಸು. ಹಾಲು ಹಾಕಿದ ಚಾ ತಿಳಿನೀರಲ್ಲ, ಹಾಲಿನ ಲೆಕ್ಕ. ಇದನ್ನು ಗಡಿಯಾರದ ಹೊತ್ತು ಹಾಕಿ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಅರ್ಧ ಸುಳ್ಳು ತಾನಾಗಿ ನಿಲ್ಲುತ್ತದೆ ಎಂಬುದು ನಮ್ಮ ನಂಬಿಕೆ. ಮತ್ತು ಸಣ್ಣ ಮಕ್ಕಳ ಪಾಳಿಯನ್ನು ಬೆಳಗ್ಗೆ ಮೊದಲು ಇಡಬೇಕು. ಇದಕ್ಕೆ ರೊಕ್ಕ ಬೇಕಿಲ್ಲ.

ಕಡೆಗೆ ನಮ್ಮದೇ ಕಸುಬಿನ ಮಾತು. ಮಗುವೊಂದು ಆಪರೇಷನ್ ಮೇಜಿನ ಮೇಲೆ ತೀರಿಕೊಂಡರೆ ನಾವು 'ವೈದ್ಯರ ನಿರ್ಲಕ್ಷ್ಯ' ಎಂದು ಬರೆಯುತ್ತೇವೆ, ಸಂಬಂಧಿಕರ ಆಕ್ರೋಶದ ಫೋಟೋ ಹಾಕುತ್ತೇವೆ. ಆಸ್ಪತ್ರೆಯ ಗಾಜು ಒಡೆದವರ ಮೇಲೆ 2009ರ ಕಾಯ್ದೆಯಡಿ ಕೇಸು ಬಿದ್ದರೆ ಅದನ್ನೂ ಬರೆಯುತ್ತೇವೆ. ಮಂಪರು ಕೊಟ್ಟವರು ಯಾರು, ಯಾವ ಯಂತ್ರ ಇತ್ತು, ಎಷ್ಟು ಹೊತ್ತಿನಲ್ಲಿ ಏನಾಯಿತು, ಮಗುವಿಗೆ ಕೆಮ್ಮು ಇತ್ತೇ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಕೇಳಿದ್ದರೆ ನಿಜವಾದ ನಿರ್ಲಕ್ಷ್ಯ ಯಾವುದು, ತಡೆಯಲಾಗದ ಆಪತ್ತು ಯಾವುದು ಎಂದು ಓದುವವರಿಗೆ ಗೊತ್ತಾಗುತ್ತಿತ್ತು. ಆಪರೇಷನ್ ಮುಂದಕ್ಕೆ ಹಾಕುವ ಡಾಕ್ಟರಿಗೆ ಇವತ್ತು ಸಿಗುವುದು ಸರ್ಜನ್ನಿನ ಮುನಿಸು, ಆಡಳಿತದವರ ಮುನಿಸು, ಮನೆಯವರ ಬೈಗುಳ, ನಮ್ಮಂಥವರ ತಲೆಬರಹ. ಇಷ್ಟರ ಮೇಲೂ 'ಇವತ್ತ ಆಗೂದಿಲ್ಲ' ಅನ್ನುವವರು ನಮ್ಮ ಮಕ್ಕಳಿಗೆ ಬೇಕು.

ಹುಡುಗನ ಕಥೆ ಮುಗಿಸುತ್ತೇವೆ. ಒಂದು ತಿಂಗಳ ಮೇಲೆ ಮತ್ತೆ ಹೋದರು. ಈ ಸಲ ಗಾಡಿಯಲ್ಲಿ ನಾವೂ ಇದ್ದೆವು, ಬಾಯಿ ಮುಚ್ಚಿಕೊಂಡು. ಅದೇ ಡಾಕ್ಟರಮ್ಮ ಎದೆ ಕೇಳಿ, ಬಾಯಿ ತೆರೆಸಿ, ಹಲ್ಲು ಅಲುಗಾಡಿಸಿ ನೋಡಿದರು. ಒಂದು ತಾಸಿನ ಮೇಲೆ ಹೊರಗೆ ಬಂದು, 'ಅಳಾಕತ್ತಾನ, ಛಲೋ ಅಳಾಕತ್ತಾನ' ಎಂದರು. ಸಂಜೆ ಹುಡುಗನ ದನಿ ಸ್ವಲ್ಪ ಒಡೆದಿತ್ತು, ಟ್ಯೂಬಿನ ಗುರುತು, ಮರುದಿನ ಹೋಗುತ್ತದೆ ಎಂದರು, ಹೋಯಿತು. ಅವನು ಕೇಳಿದ್ದು ಚಾ ಬಿಸ್ಕೀಟು. ಆಯಿ ಅವನ ಅಮ್ಮನ ಮುಖ ನೋಡಿದಳು, ಅಮ್ಮ ನರ್ಸ್ ಮುಖ ನೋಡಿದಳು, ನರ್ಸ್ ಗಡಿಯಾರ ನೋಡಿ ಹೂಂ ಅಂದರು. ಆ ದಿನ ನಸುಕಿನಿಂದ ಆಯಿಯೂ ಚಾ ಕುಡಿದಿರಲಿಲ್ಲ ಎಂದು ನಮಗೆ ಗೊತ್ತಾದದ್ದು ಆಗಲೇ.